ಹಗುರ ಚೈನು, ಭಾರದ ಪ್ರಶ್ನೆ

ಸೈಕಲ್ಲಿನ ಚೈನು ಸವೆದಿದೆ. ಬದಲಿಸಲೇಬೇಕು. ಅಂಗಡಿಯಲ್ಲಿ ಎರಡು ಬಗೆಯ ಚೈನುಗಳಿವೆ. ಒಂದು ಮಾಮೂಲಿ ಉಕ್ಕಿನದು, ಬೆಲೆ ನೂರರ ಲೆಕ್ಕದಲ್ಲಿ. ಇನ್ನೊಂದು ಹಗುರ ಚೈನು, ಬೆಲೆ ಸಾವಿರದ ಲೆಕ್ಕದಲ್ಲಿ. ಕುಂಭಾಶಿಯಿಂದ ಕುಂದಾಪುರಕ್ಕೆ ದಿನವೂ ಸೈಕಲ್ ತುಳಿದು ಕೆಲಸಕ್ಕೆ ಹೋಗಿ ಬರುವ ಮನುಷ್ಯ ಇವೆರಡರಲ್ಲಿ ಯಾವುದನ್ನು ಆರಿಸಬೇಕು?

ಪತ್ರಿಕೆಯ ಪುಟಗಳಲ್ಲಿ ಚರ್ಚಿಸುವಷ್ಟು ದೊಡ್ಡ ಪ್ರಶ್ನೆಯೇ ಇದು ಎಂದು ಓದುಗರು ಹುಬ್ಬೇರಿಸಬಹುದು. ಆದರೆ ನೀತಿಯ ಪ್ರಶ್ನೆಗಳು ಯಾವಾಗಲೂ ಯುದ್ಧ, ಗಲಭೆ, ಚುನಾವಣೆಗಳ ವೇಷದಲ್ಲೇ ಬರಬೇಕೆಂದಿಲ್ಲ. ತಿಂಗಳ ಕೊನೆಯಲ್ಲಿ ಜೇಬಿನಲ್ಲಿ ಉಳಿದ ನೋಟುಗಳನ್ನು ಎಣಿಸುತ್ತಾ ಅಂಗಡಿಯ ಮುಂದೆ ನಿಂತವನ ಮನಸ್ಸಿನಲ್ಲೂ ಅವು ಏಳುತ್ತವೆ. ನನಗೆ ಬೇಕಾದದ್ದು ಯಾವುದು, ನನಗೆ ಬೇಕೆಂದು ಇನ್ನೊಬ್ಬರು ಹೇಳುತ್ತಿರುವುದು ಯಾವುದು? ನನ್ನ ಮೇಲಿರುವ ಭಾರ ನಿಜವಾಗಿ ಎಲ್ಲಿದೆ? ಅದನ್ನು ನಾನು ಇಳಿಸಿದರೆ ಅದು ಯಾರ ಹೆಗಲಿಗೆ ಹೋಗುತ್ತದೆ? ಒಂದು ಚೈನಿನ ನೆಪದಲ್ಲಿ ಈ ಪ್ರಶ್ನೆಗಳನ್ನು ಸ್ವಲ್ಪ ಸಮಾಧಾನದಿಂದ ನೋಡೋಣ ಎಂಬುದಷ್ಟೇ ನಮ್ಮ ಉದ್ದೇಶ.

ಕುಂಭಾಶಿ ಕುಂದಾಪುರದಿಂದ ದಕ್ಷಿಣಕ್ಕೆ ಸುಮಾರು 9 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ಊರು. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಅರಬ್ಬಿ ಸಮುದ್ರ. ಕುಂಭಾಸುರನನ್ನು ಭೀಮಸೇನ ಗಣಪತಿ ಕೊಟ್ಟ ಅಸಿಯಿಂದ, ಅಂದರೆ ಖಡ್ಗದಿಂದ ಕೊಂದದ್ದರಿಂದ ಊರಿಗೆ ಈ ಹೆಸರು ಬಂತೆಂಬುದು ಸ್ಥಳಪುರಾಣ. ಊರಿನ ಗುಡ್ಡದ ಮೇಲೆ ಆನೆಗುಡ್ಡೆ ವಿನಾಯಕನ ದೇವಸ್ಥಾನವಿದೆ. ಅಲ್ಲಿ ನಡೆಯುವ ತುಲಾಭಾರ ಸೇವೆ ಪ್ರಸಿದ್ಧ. ಹರಕೆ ಹೊತ್ತವರು ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತುಕೊಳ್ಳುತ್ತಾರೆ, ಇನ್ನೊಂದರಲ್ಲಿ ಅವರ ತೂಕದಷ್ಟು ಅಕ್ಕಿಯನ್ನೋ ಬೆಲ್ಲವನ್ನೋ ತೆಂಗಿನಕಾಯಿಯನ್ನೋ ಇಡುತ್ತಾರೆ. ನಮ್ಮದು ಬೇರೆ ನಂಬಿಕೆಯಾದರೂ ಆ ತಕ್ಕಡಿಯ ಅರ್ಥ ನಮಗೆ ಪರಕೀಯವಲ್ಲ. ಅಲ್ಲಿ ಮನುಷ್ಯನ ಭಾರ ನಾಚಿಕೆಯ ವಿಷಯವಲ್ಲ. ಎಷ್ಟು ಭಾರವೋ ಅಷ್ಟೇ ಕೊಡುಗೆ. ತೂಕವೆಂದರೆ ಕಳೆದುಕೊಳ್ಳಬೇಕಾದದ್ದು ಎಂದೇ ಕಲಿಸುವ ನಮ್ಮ ಕಾಲದಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

ಈ ರಸ್ತೆಯಲ್ಲಿ ಈಗ ಸೈಕಲ್ ತುಳಿಯುವವರು ಮೊದಲಿನಷ್ಟಿಲ್ಲ. ಒಂದು ಕಾಲದಲ್ಲಿ ಕ್ಯಾರಿಯರಿನ ಮೇಲೆ ಮೀನಿನ ಬುಟ್ಟಿ ಕಟ್ಟಿಕೊಂಡು, ಹಾರ್ನ್ ಒತ್ತುತ್ತಾ ಊರೊಳಗೆ ಬರುತ್ತಿದ್ದ ಕರಾವಳಿಯ ಮೀನು ವ್ಯಾಪಾರಿಗಳು ಮೊಪೆಡ್ಡಿಗೂ ಆಟೋಗೂ ಏರಿ ಬಹಳ ವರ್ಷಗಳಾದವು. ಉಳಿದವರು ಯಾರೆಂದರೆ ರಾತ್ರಿ ಪಾಳಿಯ ಕಾವಲುಗಾರರು, ಹೋಟೆಲಿನ ಕೆಲಸಗಾರರು, ಕಟ್ಟಡದ ಕೆಲಸಕ್ಕೆಂದು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದವರು, ಶಾಲೆಯ ಮಕ್ಕಳು, ಪೆಟ್ರೋಲಿನ ಬೆಲೆಯ ಮುಂದೆ ಸೋತವರು. ಆರೋಗ್ಯಕ್ಕೆಂದು ಬೆಳಿಗ್ಗೆ ಹೆಲ್ಮೆಟ್ ತೊಟ್ಟು ಸೈಕಲ್ ಹೊಡೆಯುವ ಹೊಸ ವರ್ಗವೊಂದು ಇತ್ತೀಚೆಗೆ ಸೇರಿಕೊಂಡಿದೆ. ಹಗುರ ಚೈನು ಈ ಹೊಸ ವರ್ಗದ ಜೊತೆಯಲ್ಲಿ ಊರಿಗೆ ಬಂದ ವಸ್ತು. ಆದರೆ ಅಂಗಡಿಯ ಗಾಜಿನೊಳಗೆ ಅದು ಎಲ್ಲರಿಗೂ ಕಾಣುತ್ತದೆ, ಒಂಬತ್ತು ಕಿ.ಮೀ. ತುಳಿದು ಮೊಣಕಾಲು ನೋಯುತ್ತಿರುವವನಿಗೆ ಸ್ವಲ್ಪ ಹೆಚ್ಚೇ ಕಾಣುತ್ತದೆ.

* * *

ಮೊದಲು ವಸ್ತುವಿನ ವಿಚಾರ. ಇಂದಿನ ರೋಲರ್ ಚೈನಿಗೆ 1880ರಲ್ಲಿ ಪೇಟೆಂಟ್ ಪಡೆದವನು ಹ್ಯಾನ್ಸ್ ರೆನಾಲ್ಡ್, ಸ್ವಿಟ್ಜರ್ಲೆಂಡಿನಿಂದ ಬಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ನಡೆಸುತ್ತಿದ್ದವನು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಎತ್ತರದ ಚಕ್ರದ ಸೈಕಲ್ಲಿನಲ್ಲಿ ಚೈನೇ ಇರಲಿಲ್ಲ, ಪೆಡಲು ನೇರವಾಗಿ ಮುಂದಿನ ಚಕ್ರಕ್ಕೇ ಜೋಡಣೆಯಾಗಿತ್ತು. ವೇಗ ಬೇಕೆಂದರೆ ಚಕ್ರವನ್ನು ದೊಡ್ಡದು ಮಾಡಬೇಕು, ಬಿದ್ದರೆ ತಲೆ ಮೊದಲು ನೆಲಕ್ಕೆ. ಹಾಗಾಗಿ ಅದು ಗಟ್ಟಿಮುಟ್ಟಾದ ಯುವಕರ ಆಟವಾಗಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ಲಿನಲ್ಲಿ ಚೈನು ಹಿಂದಿನ ಚಕ್ರವನ್ನು ತಿರುಗಿಸಿತು. ಎರಡೂ ಚಕ್ರ ಹೆಚ್ಚು ಕಡಿಮೆ ಒಂದೇ ಅಳತೆಗೆ ಬಂದವು, ಸವಾರನ ಕಾಲು ನೆಲಕ್ಕೆ ತಾಗಿತು. ಮುದುಕರು, ಹೆಂಗಸರು, ಕೂಲಿಕಾರರು ಸೈಕಲ್ ಏರಲು ಸಾಧ್ಯವಾದದ್ದು ಅಲ್ಲಿಂದ ಮುಂದೆ. ಚೈನು ಒಂದು ರೀತಿಯಲ್ಲಿ ಸೈಕಲ್ಲನ್ನು ಎಲ್ಲರದ್ದಾಗಿ ಮಾಡಿದ ವಸ್ತು.

ನಮ್ಮ ದೇಶದಲ್ಲಿ ಆ ಕೆಲಸವನ್ನು 1949ರಲ್ಲಿ ಮದರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಶುರುವಾದ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಮುಂತಾದ ಕಾರ್ಖಾನೆಗಳು ಮಾಡಿದವು. ಅಟ್ಲಾಸಿನ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಮುಚ್ಚಿತು. ಆದರೆ ಆ ಕಪ್ಪು ಸೈಕಲ್ಲುಗಳು ಇನ್ನೂ ನಮ್ಮ ಅಂಗಳಗಳಲ್ಲಿ ಗೋಡೆಗೊರಗಿ ನಿಂತಿವೆ.

ಚೈನಿನ ಒಂದೊಂದು ಕೊಂಡಿಯ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಸಾದಾ ಸೈಕಲ್ಲಿನ ಚೈನಿನಲ್ಲಿ ಇಂಥವು ಸುಮಾರು ನೂರಹತ್ತು ಇರುತ್ತವೆ. ಚೈನು ಹಳತಾದಾಗ ಎಳೆದು ಉದ್ದವಾಯಿತು ಎನ್ನುವುದು ರೂಢಿ. ನಿಜವಾಗಿ ಉಕ್ಕು ರಬ್ಬರಿನಂತೆ ಎಳೆಯುವುದಿಲ್ಲ. ಪ್ರತಿ ಕೊಂಡಿಯ ಒಳಗಿನ ಪಿನ್ನು, ಅದು ತಿರುಗುವ ತೂತು ಸವೆಯುತ್ತವೆ. ಒಂದು ಕೊಂಡಿಯಲ್ಲಿ ಸವೆದದ್ದು ಒಂದು ಮಿ.ಮೀ.ನ ಎಂಟನೇ ಒಂದು ಭಾಗ, ಕಣ್ಣಿಗೆ ಕಾಣುವುದಿಲ್ಲ. ನೂರಹತ್ತೂ ಹಾಗೆ ಸವೆದಾಗ ಚೈನು ಒಂದು ಬೆರಳಿನ ಅಗಲದಷ್ಟು ಉದ್ದವಾಗಿರುತ್ತದೆ. ಯಾವ ಕೊಂಡಿಯನ್ನು ಕೇಳಿದರೂ ತಪ್ಪು ತನ್ನದಲ್ಲ ಎಂದೇ ಹೇಳೀತು. ಆದರೆ ಅಷ್ಟಾಗುವಾಗ ಚೈನು ಹಲ್ಲುಗಳ ಮೇಲೆ ಸರಿಯಾಗಿ ಕೂರದೆ ಅವುಗಳನ್ನು ತಿನ್ನತೊಡಗಿರುತ್ತದೆ.

ಹಗುರ ಚೈನಿನಲ್ಲಿ ಇದೇ ಪಿನ್ನುಗಳನ್ನು ಒಳಗೆ ಟೊಳ್ಳಾಗಿ ಮಾಡಿರುತ್ತಾರೆ, ಪಕ್ಕದ ಫಲಕಗಳಲ್ಲಿ ಕಿಂಡಿ ಕೊರೆದಿರುತ್ತಾರೆ. ಮಾಮೂಲಿ ಚೈನು 350 ಗ್ರಾಂ ಆಸುಪಾಸು ತೂಗಿದರೆ ಇದು 250ರ ಹತ್ತಿರ ತೂಗುತ್ತದೆ. ಇಂಥ ಚೈನು ತುಂಡಾಗಿ ಬೀಳಿಸುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅದು ನ್ಯಾಯವಲ್ಲ. ಅರವತ್ತು ಕಿಲೋದ ಮನುಷ್ಯ ಪೆಡಲಿನ ಮೇಲೆ ಎದ್ದು ನಿಂತರೆ ಚೈನಿನ ಮೇಲೆ ನೂರು ಕಿಲೋವನ್ನು ಸ್ವಲ್ಪ ಮೀರಿದ ಎಳೆತ ಬೀಳುತ್ತದೆ. ಒಳ್ಳೆಯ ಕಂಪನಿಯ ಚೈನು ಹಗುರದ್ದಾದರೂ ಸುಮಾರು 800 ಕಿಲೋ ಎಳೆತವನ್ನು ತಡೆಯುವಂತೆ ಮಾಡಿರುತ್ತಾರೆ. ಆದ್ದರಿಂದ ಪ್ರಶ್ನೆ ಅದು ತಡೆಯುತ್ತದೆಯೇ ಎಂಬುದಲ್ಲ, ಅದು ಕೊಡುತ್ತೇನೆಂದು ಹೇಳುವ ಹಗುರತನ ತುಳಿಯುವವನ ಕಾಲಿಗೆ ತಲುಪುತ್ತದೆಯೇ ಎಂಬುದು.

ಲೆಕ್ಕ ಹಾಕಿ ನೋಡೋಣ. ಉಳಿತಾಯ ನೂರು ಗ್ರಾಂ. ಹೊರಡುವ ಮೊದಲು ಕುಡಿದ ಅರ್ಧ ಲೋಟ ನೀರಿನ ತೂಕ ಅದು. ಸೈಕಲ್ಲು ಹದಿನೆಂಟು ಕಿಲೋ, ಸವಾರ ಅರವತ್ತು, ಊಟದ ಡಬ್ಬಿ, ಕೊಡೆ, ಚೀಲ ಸೇರಿ ಇನ್ನೆರಡು. ಎಂಬತ್ತು ಕಿಲೋದಲ್ಲಿ ನೂರು ಗ್ರಾಂ ಎಂದರೆ ಎಂಟುನೂರರಲ್ಲಿ ಒಂದು. ಸಮತಟ್ಟಾದ ರಸ್ತೆಯಲ್ಲಿ ತೂಕದ ಪರಿಣಾಮ ಇನ್ನೂ ಕಡಿಮೆ. ಏರಿನಲ್ಲಿ ಮಾತ್ರ ಅದು ಗೊತ್ತಾಗುವುದು. ಕುಂಭಾಶಿಯಿಂದ ಕುಂದಾಪುರಕ್ಕೆ ಹೆದ್ದಾರಿಯ ಏರುಗಳನ್ನೆಲ್ಲ ಕೂಡಿಸಿ ಮೂವತ್ತು ಮೀಟರ್ ಎಂದಿಟ್ಟುಕೊಂಡರೆ, ಆ ನೂರು ಗ್ರಾಮನ್ನು ಮೇಲೆತ್ತಲು ಬೇಕಾದ ಶಕ್ತಿ ಸುಮಾರು 30 ಜೂಲ್. ಗಂಟೆಗೆ 15 ಕಿ.ಮೀ. ವೇಗದಲ್ಲಿ ಮೂವತ್ತಾರು ನಿಮಿಷ ತುಳಿದರೆ ಕಾಲು ಖರ್ಚು ಮಾಡುವುದು ಒಂದೂಕಾಲು ಲಕ್ಷ ಜೂಲಿಗೂ ಹೆಚ್ಚು. ಇನ್ನು ಚೈನಿನ ಒಳಗಿನ ಉಜ್ಜಾಟ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಳೆದಾಗ ಅತ್ಯುತ್ತಮ ಸ್ಥಿತಿಯ ಚೈನು ತನಗೆ ಕೊಟ್ಟ ಶಕ್ತಿಯಲ್ಲಿ ಶೇ. 98.6ನ್ನು ಚಕ್ರಕ್ಕೆ ತಲುಪಿಸಿತು. ಅಷ್ಟು ದಕ್ಷವಾದ ಈ ವಸ್ತು ತುಕ್ಕು, ಮರಳಿನಿಂದಾಗಿ ಕೇವಲ ಶೇ. 1ರಷ್ಟು ಹೆಚ್ಚು ನುಂಗಿದರೂ ನಷ್ಟ 1,300 ಜೂಲ್. ಅಂದರೆ ಹಗುರ ಚೈನು ಉಳಿಸಿಕೊಟ್ಟದ್ದರ ನಲವತ್ತು ಪಟ್ಟು. ಒಂದು ಬಟ್ಟೆ ತುಂಡು, ನಾಲ್ಕು ಹನಿ ಎಣ್ಣೆ ಮಾಡುವ ಕೆಲಸವನ್ನು ಸಾವಿರಾರು ರೂಪಾಯಿ ಮಾಡುವುದಿಲ್ಲ.

ಇನ್ನೂ ಒಂದು ಮಾತಿದೆ. ಹಗುರ ಚೈನುಗಳಲ್ಲಿ ಹೆಚ್ಚಿನವು ಒಂಬತ್ತು, ಹತ್ತು, ಹನ್ನೊಂದು ಗೇರಿನ ಸೈಕಲ್ಲಿಗಾಗಿ ಮಾಡಿದವು. ಅವುಗಳ ಒಳಗಲ ಎರಡು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಷ್ಟೆ. ನಮ್ಮ ಸಾದಾ ಸೈಕಲ್ಲಿನ ಹಲ್ಲಿಗೆ ಬೇಕಾದ ಒಳಗಲ ಇಂಚಿನ ಎಂಟನೇ ಒಂದು, ಮೂರು ಮಿ.ಮೀ.ಗೂ ಹೆಚ್ಚು. ಅಷ್ಟು ಬೆಲೆ ಕೊಟ್ಟು ತಂದದ್ದು ಹಲ್ಲಿನ ಮೇಲೆ ಕೂರುವುದೇ ಇಲ್ಲ!

* * *

ಹಾಗಾದರೆ ಜನ ಅದನ್ನು ಯಾಕೆ ಬಯಸುತ್ತಾರೆ? ಉತ್ತರ ಅರ್ಧ ಭಾಷೆಯಲ್ಲಿದೆ. ಹಗುರ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಮುಖ. ಮನಸ್ಸು ಹಗುರವಾಯಿತು ಎಂದರೆ ದುಃಖ ಇಳಿಯಿತು. ಹಗುರವಾಗಿ ಮಾತಾಡಿದ ಎಂದರೆ ಎದುರಿನವನ ಮರ್ಯಾದೆ ಇಳಿಸಿದ. ಉರ್ದುವಿನಲ್ಲೂ ಹೀಗೆಯೇ. 'ಹಲ್ಕಾ' ಎಂದರೆ ತೂಕವಿಲ್ಲದ್ದೂ ಹೌದು, ಕೀಳಾದದ್ದೂ ಹೌದು. 'ಸುಬುಕ್' ಎಂದರೆ ನವಿರಾದದ್ದು, ನಾಜೂಕಾದದ್ದು. ಆದರೆ 'ಸುಬ್ಕಿ' ಎಂದರೆ ನಾಲ್ವರ ಎದುರು ಆಗುವ ಅವಮಾನ. ಒಂದೇ ಊರಿನ ಎರಡು ಭಾಷೆಗಳು, ಎರಡು ಲಿಪಿಗಳು ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಬರೆಯುತ್ತಾ ಒಂದೇ ಅನುಭವವನ್ನು ದಾಖಲಿಸಿವೆ: ಭಾರ ಇಳಿಯುವುದು ಬೇರೆ, ಬೆಲೆ ಇಳಿಯುವುದು ಬೇರೆ; ಆದರೆ ಎರಡಕ್ಕೂ ನಾವು ಒಂದೇ ಮಾತನ್ನು ಬಳಸುತ್ತೇವೆ. ಮಾರುಕಟ್ಟೆ ಈ ಗೊಂದಲವನ್ನು ಚೆನ್ನಾಗಿ ಬಲ್ಲದು. ಅದು ಮೊದಲು ನಮ್ಮಲ್ಲಿರುವ ವಸ್ತುವನ್ನು ಹಗುರ ಮಾಡುತ್ತದೆ, ಅಂದರೆ ಹಳೆಯದು, ಒರಟು, ಬಡವರದ್ದು ಎನ್ನುತ್ತದೆ. ಆಮೇಲೆ ಹಗುರವಾದ ಇನ್ನೊಂದನ್ನು ಮಾರುತ್ತದೆ.

ಹಗುರತನ ಎಂಬುದೇ ಸುಳ್ಳು ಎಂದು ನಾವು ಹೇಳುತ್ತಿಲ್ಲ. 1972ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದಾಗ ಆತನ ಸೈಕಲ್ಲಿನ ತೂಕ ಆರು ಕಿಲೋಗಿಂತ ಕಡಿಮೆ ಇತ್ತು, ಚೈನಿನ ಫಲಕಗಳಿಗೂ ರಂಧ್ರ ಕೊರೆದಿದ್ದರು. ಆದರೆ ಆ ಸೈಕಲ್ಲು ಬಾಳಬೇಕಾದದ್ದು ಒಂದು ಗಂಟೆ. ಮಳೆ ಇಲ್ಲ, ಮರಳಿಲ್ಲ, ಕ್ಯಾರಿಯರ್ ಇಲ್ಲ, ನಾಳೆ ಮತ್ತೆ ಕೆಲಸಕ್ಕೆ ಹೋಗಬೇಕೆಂಬ ಚಿಂತೆ ಇಲ್ಲ. ಅಂಥ ಸ್ಪರ್ಧೆಗಳ ಲೋಕವೇ 2000ದಿಂದ ಈಚೆಗೆ ಸೈಕಲ್ಲು 6.8 ಕಿಲೋಗಿಂತ ಕಡಿಮೆ ತೂಗಬಾರದು ಎಂಬ ನಿಯಮ ಮಾಡಿಕೊಂಡಿದೆ. ಓಡುವವರೇ ಹಗುರಕ್ಕೆ ಗಡಿ ಹಾಕಿಕೊಂಡರು. ಕೆಲಸಕ್ಕೆ ಹೋಗುವವನಿಗೆ ಆ ಗಡಿ ಇನ್ನೂ ಈಚೆಗೆ ಇರಬೇಡವೇ?

ಇನ್ನೊಂದು ಉದಾಹರಣೆ ನಮ್ಮ ನೆರೆಯದ್ದು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಯಲ್ಲಿ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದರು. ಪತ್ರಕರ್ತ ಪಿ. ಸಾಯಿನಾಥ್ ಅದರ ಕುರಿತು ಬರೆದಿದ್ದಾರೆ. ಅದರಲ್ಲಿ ನಮ್ಮ ಗಮನ ಸೆಳೆದ ಸಂಗತಿ ಒಂದು. ಅಲ್ಲಿಯ ಹೆಂಗಸರು ಹೆಂಗಸರ ಸೈಕಲ್ಲಿಗಿಂತ ಗಂಡಸರ ಸೈಕಲ್ಲನ್ನೇ ಮೆಚ್ಚಿಕೊಂಡರಂತೆ. ಯಾಕೆ? ಅದರಲ್ಲಿ ಸೀಟಿನಿಂದ ಹ್ಯಾಂಡಲಿನವರೆಗೆ ಹೆಚ್ಚಿನ ಒಂದು ಕಂಬಿ ಇರುತ್ತದೆ, ಮಗುವನ್ನು ಅದರ ಮೇಲೆ ಕೂರಿಸಬಹುದು. ತಕ್ಕಡಿಯ ಲೆಕ್ಕದಲ್ಲಿ ಆ ಕಂಬಿ ಹೆಚ್ಚುವರಿ ತೂಕ. ಆ ತಾಯಂದಿರ ಲೆಕ್ಕದಲ್ಲಿ ಅದೇ ಅವರ ಕೈ ಖಾಲಿ ಮಾಡಿದ್ದು. ಯಾವ ತೂಕ ನಮ್ಮ ಮೇಲೆ ಕೂತಿದೆ, ಯಾವ ತೂಕ ನಮ್ಮನ್ನು ಹೊತ್ತಿದೆ ಎಂಬುದನ್ನು ತಕ್ಕಡಿ ಹೇಳಲಾರದು.

ಚೈನ್ ಕವರಿನ ವಿಷಯವೂ ಹೀಗೆಯೇ. ಹೊಸ ಮಾದರಿಯ ಸೈಕಲ್ಲುಗಳಲ್ಲಿ ತೂಕದ ಹೆಸರಲ್ಲಿ, ಅಂದದ ಹೆಸರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಪೂರ್ತಿ ಮುಚ್ಚುವ ತಗಡಿನ ಕವರು ಹಗುರ ಚೈನು ಉಳಿಸುವುದಕ್ಕಿಂತ ಹೆಚ್ಚು ತೂಗುತ್ತದೆ ನಿಜ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಗಾಳಿಯಲ್ಲೇ ಉಪ್ಪಿರುವ ಈ ಕರಾವಳಿಯಲ್ಲಿ ಅದು ಚೈನಿನ ಆಯುಷ್ಯ ಕಾಯುತ್ತದೆ, ಪಂಚೆ, ಪೈಜಾಮ, ಚೂಡಿದಾರ, ಬುರ್ಖಾಗಳ ಅಂಚನ್ನೂ ಕಾಯುತ್ತದೆ. ಅರ್ಧ ಕಿಲೋ ಹೆಚ್ಚು ಹೊತ್ತರೆ ದಾರಿ ಸಲೀಸು!

* * *

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಬಡವನಿಗೆ ಇದು ಬೇಡ, ಅದು ಸಾಕು ಎಂದು ಹೇಳಲು ನಾವು ಯಾರು? ಕಾರಿನಲ್ಲಿ ಓಡಾಡುವವರು ಸೈಕಲ್ ತುಳಿಯುವವನಿಗೆ ಮಿತವ್ಯಯ ಬೋಧಿಸುವುದು ನಮ್ಮ ಸಮಾಜದ ಹಳೆಯ ಚಾಳಿ. ಮದುವೆಗೆ ಲಕ್ಷಗಟ್ಟಲೆ ಸುರಿದವರು ಕೂಲಿಯವನ ಮೊಬೈಲ್ ನೋಡಿ ನಿಟ್ಟುಸಿರು ಬಿಡುತ್ತಾರೆ. ಹೊಳೆಯುವ, ನವಿರಾದ, ಚೆಂದದ ವಸ್ತುವೊಂದನ್ನು ಬಯಸುವ ಹಕ್ಕು ದುಡಿದು ತಿನ್ನುವವನಿಗೂ ಇದೆ. ಅವನ ಆಸೆಯನ್ನು ಅವನ ಆದಾಯದಿಂದ ಅಳೆಯುವುದು ಅವನನ್ನು ಹಗುರ ಮಾಡಿದಂತೆಯೇ.

ಈ ಆಕ್ಷೇಪಣೆಯನ್ನು ಒಪ್ಪಿಕೊಂಡೇ ನಾವು ಹೇಳುವುದಿಷ್ಟು. ಅವನಿಗೆ ಹಗುರ ಚೈನಿಗೆ ಅರ್ಹತೆ ಇದೆಯೇ ಎಂಬುದು ಪ್ರಶ್ನೆಯೇ ಅಲ್ಲ. ಅವನಿಗೆ ಕೊಟ್ಟ ಮಾತು ನಿಜವೇ ಎಂಬುದು ಪ್ರಶ್ನೆ. ಚೆಂದಕ್ಕಾಗಿ ಕೊಳ್ಳುವವನಿಗೆ ಚೆಂದ ಸಿಗುತ್ತದೆ, ಅಲ್ಲಿ ಮೋಸವಿಲ್ಲ. ಮೊಣಕಾಲಿನ ನೋವು ಇಳಿಯುತ್ತದೆಂದು ಕೊಳ್ಳುವವನಿಗೆ ಅದು ಸಿಗುವುದಿಲ್ಲ. ಉರ್ದುವಿನಲ್ಲಿ 'ಕಿಫಾಯತ್' ಎಂಬ ಮಾತಿದೆ, 'ಕಂಜೂಸಿ' ಎಂಬ ಮಾತೂ ಇದೆ. ಕಂಜೂಸಿ ಎಂದರೆ ಜಿಪುಣತನ, ಕೈ ಬಿಗಿ ಹಿಡಿಯುವುದು. ಕಿಫಾಯತ್ ಎಂಬುದು ಸಾಕು ಎಂಬ ಅರ್ಥದ ಮೂಲದಿಂದ ಬಂದದ್ದು. ಎಷ್ಟು ಸಾಕೆಂದು ತಿಳಿದು ಅಷ್ಟನ್ನು ಪೂರ್ತಿಯಾಗಿ ಕೊಡುವುದು. ಎಂಟನೂರು ರೂಪಾಯಿಯ ಕೆಲಸಕ್ಕೆ ನಾಲ್ಕು ಸಾವಿರ ಸುರಿಯುವುದು ಹೇಗೆ ಕಿಫಾಯತ್ ಅಲ್ಲವೋ, ಸವೆದ ಚೈನನ್ನೇ ಇನ್ನೊಂದು ವರ್ಷ ಎಳೆಯುವುದೂ ಹಾಗೆಯೇ ಕಿಫಾಯತ್ ಅಲ್ಲ. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ಕನ್ನಡಿಗರಿಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳಿಸಿದಳು. ಆಕೆ ಬಡತನವನ್ನು ಹೊಗಳಲಿಲ್ಲ. ಸಾಕು ಎಂಬುದನ್ನು ನಿರ್ಧರಿಸುವ ಅಧಿಕಾರ ತನ್ನದು ಎಂದಳು. ಆ ಅಧಿಕಾರ ಅಂಗಡಿಯ ಗಾಜಿಗೂ ಇಲ್ಲ, ಉಪದೇಶ ಮಾಡುವವರಿಗೂ ಇಲ್ಲ.

ಹಗುರ ನಿಜವಾಗಿ ಬೇಕಾದವರೂ ಇದ್ದಾರೆ. ಸೈಕಲ್ಲನ್ನು ಮೆಟ್ಟಿಲು ಹತ್ತಿಸಿ ಮನೆಯೊಳಗೆ ಇಡಬೇಕಾದ ಹೆಂಗಸು, ಸಂಕದ ಮೇಲೆ ಎತ್ತಿಕೊಂಡು ದಾಟಬೇಕಾದ ಮಗು, ವಯಸ್ಸಾದವರು. ಅವರಿಗೆ ನೂರು ಗ್ರಾಂ ಸಾಲದು, ನಾಲ್ಕೈದು ಕಿಲೋ ಇಳಿಯಬೇಕು. ಅದು ಚೈನಿನಿಂದ ಆಗುವುದಲ್ಲ, ಚೌಕಟ್ಟಿನಿಂದ, ಚಕ್ರದಿಂದ ಆಗಬೇಕಾದದ್ದು. ಅಂಥವರಿಗಾಗಿ ಕಡಿಮೆ ಬೆಲೆಯ ಹಗುರ ಸೈಕಲ್ಲು ಮಾಡುವುದು ಒಳ್ಳೆಯ ಕೆಲಸ. ಅದನ್ನು ಮಾಡದೆ ಚೈನಿನಲ್ಲಿ ಕಿಂಡಿ ಕೊರೆದು ತೋರಿಸುವುದು ಊಟ ಕೇಳಿದವನಿಗೆ ಎಲೆ ಒರೆಸಿ ಕೊಟ್ಟಂತೆ.

* * *

ಸೈಕಲ್ ಶಾಪಿನಲ್ಲಿ ಇನ್ನೊಂದು ರೂಢಿಯಿದೆ. ಚೈನು ಸಡಿಲವಾಗಿ ಪದೇ ಪದೇ ಇಳಿಯತೊಡಗಿದಾಗ, ಹೊಸದು ಹಾಕಲು ದುಡ್ಡಿಲ್ಲದವನು ಎರಡು ಕೊಂಡಿ ಕಡಿದು ಜೋಡಿಸಿಕೊಡಿ ಮಾರಾಯ್ರೆ ಎನ್ನುತ್ತಾನೆ. ಕೊಂಡಿ ತೆಗೆದರೆ ಚೈನು ಬಿಗಿಯಾಗುತ್ತದೆ, ತೂಕವೂ ಒಂದಿಷ್ಟು ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಯಿತು. ಆದರೆ ಉಳಿದ ಕೊಂಡಿಗಳ ನಡುವಿನ ಅಂತರ ಸರಿಯಾಗಲಿಲ್ಲ, ಅವು ಫ್ರೀವೀಲಿನ ಹಲ್ಲನ್ನು ತಿನ್ನುತ್ತಲೇ ಇರುತ್ತವೆ. ಆರು ತಿಂಗಳ ನಂತರ ಹೊಸ ಚೈನು ತಂದು ಹಾಕಿದರೆ ಅದು ಹಳೆಯ, ಕೊಕ್ಕೆಯಂತೆ ಬಾಗಿದ ಹಲ್ಲಿನ ಮೇಲೆ ಜಾರುತ್ತದೆ. ಆಗ ಫ್ರೀವೀಲೂ ಬೇಕು, ಕೆಲವೊಮ್ಮೆ ಚೈನ್‌ವೀಲೂ ಬೇಕು. ಇಂದು ಇಳಿಸಿದ ಭಾರ ನಾಳೆಗೆ ಬಡ್ಡಿ ಸಮೇತ ಬಂದಿರುತ್ತದೆ.

ಬಡವನಿಗೆ ಬೇರೆ ದಾರಿಯಿಲ್ಲ, ಅವನನ್ನು ದೂರುವಂತಿಲ್ಲ. ಆದರೆ ನಮ್ಮ ಸಮಾಜ, ಸರಕಾರ, ಜಮಾತು, ಸಂಘಗಳು ಕೂಡ ಇದನ್ನೇ ಮಾಡುವುದಿಲ್ಲವೇ? ಎಲ್ಲ ಕೊಂಡಿಗಳೂ ಕೂದಲೆಳೆಯಷ್ಟು ಸವೆದಿರುತ್ತವೆ. ಆದರೆ ನಾವು ಯಾರೋ ಇಬ್ಬರನ್ನು ಹುಡುಕಿ ಹೊರಗೆ ಹಾಕಿ, ಉಳಿದದ್ದು ಬಿಗಿಯಾಯಿತು ಎಂದು ಸಮಾಧಾನಪಡುತ್ತೇವೆ. ಅಂತರ ಅಳೆಯುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ಕರಾವಳಿಯ ಹೆದ್ದಾರಿಯನ್ನೇ ನೋಡಿ. ಹಿಂದೆ 17 ಎಂಬ ಸಂಖ್ಯೆಯಿದ್ದ ಈ ರಸ್ತೆ ಈಗ 66, ಚತುಷ್ಪಥ. ಕಾರಿನವರಿಗೆ ದಾರಿ ಹಗುರವಾಯಿತು. ಆದರೆ ನಡುವೆ ಕಟ್ಟಿದ ವಿಭಜಕದಿಂದಾಗಿ ಎದುರು ಬದಿಯ ಅಂಗಡಿಗೆ ಹೋಗಬೇಕಾದ ಸೈಕಲ್ಲಿನವನು ದೂರದ ತಿರುವಿನವರೆಗೆ ಹೋಗಿ ಸುತ್ತಿ ಬರಬೇಕು, ಇಲ್ಲವೇ ಅಂಚಿನಲ್ಲಿ ವಿರುದ್ಧ ದಿಕ್ಕಿನಲ್ಲಿ ಜೀವ ಕೈಯಲ್ಲಿ ಹಿಡಿದು ತುಳಿಯಬೇಕು. ಸರ್ವಿಸ್ ರಸ್ತೆ ಎಲ್ಲ ಕಡೆ ಇಲ್ಲ. ಇರುವ ಕಡೆ ಅದು ಪಾರ್ಕಿಂಗಿಗೆ ಮೀಸಲು. ಮಳೆಗಾಲದಲ್ಲಿ ರಸ್ತೆಯ ಅಂಚಿನ ನೀರು, ಮರಳು, ಜಲ್ಲಿ ಎಲ್ಲ ಅವನ ಪಾಲು. ಅವನ ದಾರಿ ಉದ್ದವಾಗಿದೆ, ಅಪಾಯ ಹೆಚ್ಚಿದೆ, ಕಾಲು ನೋಯುತ್ತಿದೆ. ಅದು ಇವನ ಕಾಲಿಗೆ ಬಂದ ಭಾರವಲ್ಲ, ಬೇರೆಯವರು ಇಳಿಸಿಟ್ಟ ಭಾರ. ಅದಕ್ಕೆ ಪರಿಹಾರವಾಗಿ ಅವನ ಮುಂದೆ ನಾವು ಹಿಡಿಯುವುದು ನೂರು ಗ್ರಾಂ ಕಡಿಮೆ ತೂಗುವ ಚೈನು! ಎಲ್ಲರೂ ಸೇರಿ ಹೊರಬೇಕಾದದ್ದನ್ನು ಒಬ್ಬನ ಖರೀದಿಯಾಗಿ ಬದಲಾಯಿಸುವ ಈ ಚಾಲಾಕಿತನವೇ ನಮ್ಮ ಕಾಲದ ದೊಡ್ಡ ನೈತಿಕ ಸಮಸ್ಯೆ ಎಂದು ನಮಗನಿಸುತ್ತದೆ. ನೀರು ಕೆಟ್ಟರೆ ಫಿಲ್ಟರ್ ಕೊಳ್ಳಿ, ಶಾಲೆ ಕೆಟ್ಟರೆ ಟ್ಯೂಷನ್ ಕೊಳ್ಳಿ, ರಸ್ತೆ ಕೆಟ್ಟರೆ ಹಗುರ ಚೈನು ಕೊಳ್ಳಿ.

ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಹೈಸ್ಕೂಲಿನ ದಾರಿ ತೆರೆಯಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಭಾರವನ್ನು ಎಲ್ಲರೂ ಸೇರಿ ಹೊತ್ತರೆ ಹೇಗಿರುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ. ಆದರೆ ಅಲ್ಲಿಯೂ ಸೈಕಲ್ ಹಂಚುವ ದಿನಕ್ಕೆ ವೇದಿಕೆ, ಹಾರ, ಫೋಟೋ ಇರುತ್ತಿತ್ತು; ಚೈನು ಸವೆಯುವ ದಿನಕ್ಕೆ ಯಾವ ಸಮಾರಂಭವೂ ಇಲ್ಲ. ಕೊಡುವುದು ಒಂದು ದಿನದ ಕೆಲಸ, ಕಾಯ್ದುಕೊಳ್ಳುವುದು ಪ್ರತಿದಿನದ್ದು. ದಾನಕ್ಕೆ ಹೆಸರಿದೆ, ದುರಸ್ತಿಗೆ ಇಲ್ಲ. ಎಣ್ಣೆ ಮೆತ್ತಿದ ಕೈಯ ಸೈಕಲ್ ರಿಪೇರಿಯವನನ್ನು ಯಾವ ಸಂಘವೂ ಸನ್ಮಾನಿಸಿದ್ದನ್ನು ನಾವು ಕಂಡಿಲ್ಲ.

* * *

ಈಗ ಮೂಲ ಪ್ರಶ್ನೆಗೆ ನೇರವಾದ ಉತ್ತರ. ಗೇರಿಲ್ಲದ ಸೈಕಲ್ಲಾದರೆ ಇಂಚಿನ ಎಂಟನೇ ಒಂದು ಭಾಗ ಒಳಗಲವಿರುವ, ಹೆಸರಿರುವ ಕಂಪನಿಯ ಮಾಮೂಲಿ ಚೈನು ಸಾಕು. ಸ್ವಲ್ಪ ಹೆಚ್ಚು ಕೊಡುವ ಶಕ್ತಿಯಿದ್ದರೆ ಆ ಹೆಚ್ಚನ್ನು ಹಗುರಕ್ಕಲ್ಲ, ತುಕ್ಕು ತಡೆಯುವ ಲೇಪಕ್ಕೆ ಕೊಡುವುದು ಜಾಣತನ. ಸಮುದ್ರದ ಪಕ್ಕದ ಊರಿಗೆ ಅದೇ ಸರಿ. ಗೇರಿನ ಸೈಕಲ್ಲಾದರೆ ಹಿಂದೆ ಎಷ್ಟು ಹಲ್ಲುಚಕ್ರಗಳಿವೆಯೋ ಅಷ್ಟಕ್ಕೆಂದೇ ಮಾಡಿದ ಚೈನು ಕೇಳಬೇಕು. ಜೋಡಿಸುವ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು. ಗೇರಿಲ್ಲದ ಸೈಕಲ್ಲಿನಲ್ಲಿ ಹಿಂದಿನ ಚಕ್ರವನ್ನು ಎಳೆದು ಬಿಗಿ ಮಾಡಿದ ಮೇಲೆ ಚೈನು ನಡುವಿನಲ್ಲಿ ಅರ್ಧ ಇಂಚಿನಷ್ಟು ಮೇಲೆ ಕೆಳಗೆ ಆಡಬೇಕು. ತಂತಿಯಂತೆ ಬಿಗಿದರೆ ಬೇರಿಂಗು ಹಾಳು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ, ಕೊಂಡಿಗೊಂದರಂತೆ ಹನಿ ಎಣ್ಣೆ ಬಿಟ್ಟು, ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಬೇಕು. ಎಣ್ಣೆ ಇರಬೇಕಾದದ್ದು ಒಳಗೆ, ಹೊರಗಿದ್ದರೆ ಮರಳು ಹಿಡಿಯುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಅಡುಗೆಮನೆಯ ತೆಂಗಿನೆಣ್ಣೆಯೂ ಬೇಡ, ಅಂಟಾಗುತ್ತದೆ. ಹನ್ನೆರಡು ಇಂಚಿನ ಅಳತೆಕೋಲು ಹಿಡಿದು ನೋಡಿ: ಇಪ್ಪತ್ತನಾಲ್ಕು ಕೊಂಡಿಗಳು ಹನ್ನೆರಡು ಇಂಚನ್ನು ಇಂಚಿನ ಹದಿನಾರನೇ ಒಂದಂಶ ಮೀರಿದರೆ ಬದಲಿಸುವ ಕಾಲ ಬಂತು, ಎಂಟನೇ ಒಂದಂಶ ಮೀರಿದರೆ ಆಗಲೇ ಹಲ್ಲು ತಿಂದಿರುತ್ತದೆ. ಉಳಿದ ಹಣದಲ್ಲಿ ಬ್ರೇಕಿನ ರಬ್ಬರು ಬದಲಿಸಿ, ಹಿಂದೆ ಕೆಂಪು ದೀಪ ಹಾಕಿಸಿ. ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಮರಳುವವನ ಮನೆಯವರಿಗೆ ಅದು ಕೊಡುವ ನಿರಾಳ ಯಾವ ಹಗುರ ಚೈನೂ ಕೊಡದು.

ಹಗುರಾಗಬೇಕೆಂಬ ಬಯಕೆ ತಪ್ಪಲ್ಲ. ದಣಿದ ಮನುಷ್ಯನ ಅತಿ ಹಳೆಯ ಬಯಕೆ ಅದು. ಆದರೆ ಹಗುರಾಗುವ ಮೊದಲು ಮೂರು ಮಾತು ಕೇಳಿಕೊಳ್ಳಬಹುದು. ಇಳಿಸುತ್ತಿರುವುದು ನಿಜವಾಗಿ ನನ್ನ ಮೇಲಿದ್ದ ಭಾರವೇ? ಇಳಿಸಿದ್ದು ಇನ್ನೊಬ್ಬನ ಕ್ಯಾರಿಯರಿಗೆ ಹೋಗುತ್ತಿಲ್ಲವೇ? ಇಳಿಸಬಾರದ ಒಂದು ಕಂಬಿಯನ್ನೂ ಜೊತೆಗೆ ಕಿತ್ತೆಸೆಯುತ್ತಿಲ್ಲವೇ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೂ ಸೈಕಲ್ಲು ತುಳಿಯಲೇಬೇಕು, ಅದು ತಾನಾಗಿ ಓಡುವುದಿಲ್ಲ. ಆದರೆ ಎಣ್ಣೆ ಕಂಡ ಚೈನಿನ ಮೇಲೆ, ದೀಪವಿರುವ ಸೈಕಲ್ಲಿನಲ್ಲಿ, ಸೈಕಲ್ಲಿಗೂ ಒಂದಿಷ್ಟು ಜಾಗ ಬಿಟ್ಟ ರಸ್ತೆಯಲ್ಲಿ ತುಳಿಯುವುದು ಸಾಧ್ಯ. ಮೊದಲ ಎರಡನ್ನು ಸವಾರನೇ ಮಾಡಿಕೊಳ್ಳಬಲ್ಲ. ಮೂರನೆಯದು ನಮ್ಮೆಲ್ಲರ ಪಾಲಿನ ಕೆಲಸ.